ವಕೀಲರು ಸಿಗುವ ಮುಂಚಿನ ಕೆಲಸ

ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಒಂದು ಸಣ್ಣ ಕೋಣೆಯಿದೆ. ನಾನು ಅಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್. ಕರಿ ಕೋಟು ಹಾಕುವ ಹಾಗಿಲ್ಲ, ಜಡ್ಜ್ ಮುಂದೆ ವಾದ ಮಾಡುವ ಹಾಗಿಲ್ಲ. ವಕೀಲರನ್ನು ಇಡುವ ಶಕ್ತಿ ಇಲ್ಲದವರಿಗೂ ಅವರಿಗೆ ಸರ್ಕಾರದ ಖರ್ಚಿನಲ್ಲಿ ಸಿಗುವ ವಕೀಲರಿಗೂ ನಡುವೆ ಇರುವ ಓಡಾಟ, ಬರವಣಿಗೆ ನನ್ನದು. ಉಚಿತ ವಕೀಲರು ಸಿಗುವುದು ಜನ ಹೆದರುವಷ್ಟು ಕಷ್ಟವಲ್ಲ. ಅವರು ಸಿಗುವ ಹೊತ್ತಿಗೆ ಎಷ್ಟು ದಿನ ಕೈ ಜಾರಿರುತ್ತದೆ, ಯಾವ ಕಾಗದ ಉಳಿದಿರುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ.

ಬಂದವರು ಕೂತ ತಕ್ಷಣ ಕಥೆ ಶುರು ಮಾಡುತ್ತಾರೆ, ಅದೂ ತಾತನ ಕಾಲದಿಂದ. ಕೇಳಬೇಕು, ಕೇಳುತ್ತೇನೆ. ಆದರೆ ಮೊದಲು, 'ಅಮ್ಮಾ, ಚೀಲ ಬಿಚ್ಚಿ' ಅನ್ನುತ್ತೇನೆ. ಈಚೆಗೆ ಒಬ್ಬರು ಬಂದಿದ್ದರು, ಐವತ್ತು ದಾಟಿದ ಹೆಂಗಸು. ಬಟ್ಟೆ ಅಂಗಡಿಯ ಕವರಿನೊಳಗೆ ರೇಷನ್ ಕಾರ್ಡಿನ ಜೆರಾಕ್ಸು, ಹಳೇ ಪಹಣಿ, ಕಂದಾಯದ ರಸೀದಿ, ಆಸ್ಪತ್ರೆ ಚೀಟಿ, ಇವೆಲ್ಲದರ ಮಧ್ಯೆ ನಾಲ್ಕು ಮಡಿಕೆಯಾಗಿ ಒಂದು ಸಮನ್ಸು. ತಮ್ಮ ಹಾಕಿದ ಪಾಲಿನ ದಾವೆ, ಈಕೆ ಮೂರನೇ ಪ್ರತಿವಾದಿ. ಕೋರ್ಟಿನ ಅಮೀನರು ಮನೆಗೆ ಬಂದಾಗ ಸಹಿ ಹಾಕಿ ತೆಗೆದುಕೊಂಡಿದ್ದಾರೆ. ದೊಡ್ಡಪ್ಪನ ಮಗ ಯಾರೋ 'ನೀ ಹೋಗದಿದ್ರೆ ಕೇಸೇ ನಡೆಯಲ್ಲ ಬಿಡಕ್ಕ' ಅಂದನಂತೆ. ಇವರೂ ಬಿಟ್ಟಿದ್ದಾರೆ.

ಇಂಥ ಸಲಹೆ ಕೊಡುವವರು ಪ್ರತಿ ಊರಲ್ಲೂ ಇರುತ್ತಾರೆ. ನೀವು ಹೋಗದಿದ್ದರೂ ಕೇಸು ನಡೆಯುತ್ತದೆ, ನಿಮ್ಮನ್ನು ಬಿಟ್ಟು ನಡೆಯುತ್ತದೆ. ಸಿವಿಲ್ ದಾವೆಯಲ್ಲಿ ಸಮನ್ಸು ತಲುಪಿದ 30 ದಿನದೊಳಗೆ ಉತ್ತರ ಪತ್ರ ಹಾಕಬೇಕು. ಕಾರಣ ಕೊಟ್ಟರೆ ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಹಾಗಾಗಿ ಸಮನ್ಸಿನಲ್ಲಿ ನಾನು ಹುಡುಕುವುದು ಕೇಸ್ ನಂಬರು, ಯಾವ ಕೋರ್ಟು, ಯಾವ ವಾಯಿದೆ. ಕೈ ಸೇರಿದ ದಿನ ಯಾವುದು ಅಂತ ಅವರ ಬಾಯಿಂದ ತೆಗೆಸುತ್ತೇನೆ. 'ಹಬ್ಬದ ಮುಂಚೆ' ಅಂದರೆ ಯಾವ ಹಬ್ಬ ಅಂತ ಕೇಳಿ ಕ್ಯಾಲೆಂಡರ್ ತೆರೆಯುತ್ತೇನೆ. ಆಮೇಲೆ ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್. ಪ್ರತಿ ಕೇಸಿಗೂ ಕೊಡುವ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬರ್ ಇದ್ದರೆ ಸರಿ, ಇಲ್ಲದಿದ್ದರೆ ಹೆಸರು ಹಾಕಿದರೂ ಸಿಗುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಸ್ಪೆಲ್ಲಿಂಗ್ ಬೇರೆ ಬೇರೆ ಮಾಡಿ ನೋಡುವ ತಾಳ್ಮೆ ಇರಬೇಕು ಅಷ್ಟೆ.

ಆ ಅಮ್ಮನ ವಾಯಿದೆ ಮುಗಿದು ಅವರನ್ನು ಎಕ್ಸ್ ಪಾರ್ಟೆ ಮಾಡಿಯಾಗಿತ್ತು, ಅಂದರೆ ಅವರಿಲ್ಲದೆಯೇ ಕೇಸು ನಡೆಸಲು ಆದೇಶವಾಗಿತ್ತು. ಪುಣ್ಯಕ್ಕೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಆಗಿರಲಿಲ್ಲ. ಡಿಕ್ರಿ ಆಗುವ ಮುಂಚೆ ಬಂದರೆ, ಗೈರುಹಾಜರಿಗೆ ಕಾರಣ ಹೇಳಿ ಆ ಆದೇಶ ತೆಗೆಸುವ ಅರ್ಜಿ ಹಾಕಬಹುದು. ಡಿಕ್ರಿ ಆದಮೇಲೂ ದಾರಿಯಿದೆ, ಆದರೆ ಸಾಮಾನ್ಯವಾಗಿ 30 ದಿನದ ಗಡುವು, ಹೆಚ್ಚು ಜಗ್ಗಾಟ. ಅವತ್ತೇ ಉಚಿತ ವಕೀಲರಿಗಾಗಿ ಸಮಿತಿಗೆ ಅರ್ಜಿ ಬರೆದೆವು. ಸಮಿತಿಯ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರು ಮುಂದಿನ ವಾಯಿದೆಗೆ ವಕಾಲತ್ತು ಹಾಕಿದರು, ಎಕ್ಸ್ ಪಾರ್ಟೆ ಆದೇಶ ರದ್ದಾಯಿತು.

ಸಮಿತಿಗೆ ಕೊಡುವ ಅರ್ಜಿಗೆ ಬಿಳಿ ಹಾಳೆ ಸಾಕು. ಓದು ಬರಹ ಬಾರದವರಾದರೆ ಹೇಳಿದ್ದನ್ನು ನಾನೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸುತ್ತೇನೆ. ಹೆಚ್ಚು ಗೊಂದಲ ಇರುವುದು ಆದಾಯ ಪ್ರಮಾಣಪತ್ರದ ವಿಷಯದಲ್ಲಿ. ಅದಕ್ಕೋಸ್ಕರ ನಾಡಕಚೇರಿಗೆ ಅಲೆದು ವಾಯಿದೆ ತಪ್ಪಿಸಿಕೊಂಡವರನ್ನು ಕಂಡಿದ್ದೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಬರಗಳಿಗೆ ಸಿಕ್ಕವರು, ಇವರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿ ಒಳಗಿರಬೇಕು. ಅವರಿಗೂ, ಅನುಮಾನಕ್ಕೆ ಕಾರಣ ಇಲ್ಲದಿದ್ದರೆ, ಆದಾಯದ ಅಫಿಡವಿಟ್ ನಡೆಯುತ್ತದೆ. ಅರ್ಜಿಯ ನಿರ್ಧಾರ ಏಳು ದಿನದೊಳಗೆ ಆಗಬೇಕು. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ನಾನು ಯಾರನ್ನೂ ಬಸ್ ಹತ್ತಲು ಬಿಡುವುದಿಲ್ಲ.

'ಬಿಟ್ಟಿ ವಕೀಲರು ಬಿಟ್ಟಿ ಕೆಲಸಾನೇ ಮಾಡೋದು' ಅನ್ನುವ ಮಾತು ಕೋರ್ಟಿನ ಕ್ಯಾಂಟೀನಿನಲ್ಲಿ ದಿನಾ ಕೇಳಿಸುತ್ತದೆ. ಪ್ಯಾನೆಲ್‌ನಲ್ಲಿ ಬಹಳ ಒಳ್ಳೆಯವರಿದ್ದಾರೆ, ಫೈಲು ಬಿಚ್ಚದವರೂ ಇದ್ದಾರೆ. ದುಡ್ಡು ಕೊಟ್ಟು ಇಟ್ಟುಕೊಂಡವರಲ್ಲೂ ಎರಡು ಥರದವರಿದ್ದಾರೆ. ಕಕ್ಷಿದಾರರು ವಾಯಿದೆ ವಾಯಿದೆಗೂ ಮುಖ ತೋರಿಸಿದರೆ ಫೈಲು ತಾನಾಗಿ ಮೇಲೆ ಬರುತ್ತದೆ. ವಕೀಲರ ಫೀಸು, ಕೋರ್ಟ್ ಫೀ, ನಕಲಿನ ಖರ್ಚು ಎಲ್ಲ ಸಮಿತಿಯದ್ದೇ. ಹಾಗಾಗಿ 'ಖರ್ಚಿಗೆ ಸ್ವಲ್ಪ' ಅಂತ ಯಾರಾದರೂ ಕೇಳಿದರೆ ಕೊಡಬೇಡಿ, ಸದಸ್ಯ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ದೂರು ಕೊಡಿ ಅನ್ನುತ್ತೇನೆ. ವಕೀಲರನ್ನು ಬದಲಿಸಿಕೊಡಿ ಅಂತಲೂ ಕೇಳಬಹುದು. ಕೇಳುವುದಕ್ಕೆ ಜನ ಸಂಕೋಚಪಡುತ್ತಾರೆ, ಅದೇ ತೊಡಕು.

ಲೋಕ ಅದಾಲತ್ ಬಗ್ಗೆ ನನಗೆ ಎರಡು ಮನಸ್ಸು. ಚೆಕ್ ಬೌನ್ಸ್, ಅಪಘಾತ ಪರಿಹಾರ, ಬ್ಯಾಂಕ್ ಸಾಲ ಇವಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಕಾಣೆ; ಕಟ್ಟಿದ ಕೋರ್ಟ್ ಫೀ ಕೂಡ ವಾಪಸು ಬರುತ್ತದೆ. ಆದರೆ ಪಾಲಿನ ಕೇಸುಗಳಲ್ಲಿ ಹುಷಾರಾಗಿರುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ ಆಗ ಬದುಕಿರಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತವಾಗಿ ಹೇಳಿದೆ. ಅಷ್ಟಾದರೂ ರಾಜಿ ಅರ್ಜಿಯ ಕೊನೇ ಪುಟದಲ್ಲಿ 'ಅರಿಶಿನ ಕುಂಕುಮದ ಬಾಬ್ತು' ಇಷ್ಟು ಪಡೆದು ಹಕ್ಕು ಬಿಟ್ಟುಕೊಟ್ಟಿದ್ದಾರೆ ಅನ್ನುವ ಸಾಲು ಬಂದು ಕೂತಿರುತ್ತದೆ. ಲೋಕ ಅದಾಲತ್ತಿನ ಅವಾರ್ಡ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಆ ಪುಟವನ್ನು ಹಿಂದಿನ ದಿನವೇ ತರಿಸಿ, ಅಣ್ಣತಮ್ಮಂದಿರು ಎದುರಿಗಿಲ್ಲದಾಗ ಗಟ್ಟಿಯಾಗಿ ಓದಿ ಹೇಳುತ್ತೇನೆ. 'ತವರು ಉಳೀಲಿ, ದುಡ್ಡು ಹೋದರೆ ಹೋಗಲಿ' ಅನ್ನುವವರು ಇದ್ದಾರೆ. ಅದು ಅವರ ಇಷ್ಟ. ಓದಿಸದೆ ಸಹಿ ಹಾಕಿಸುವುದು ಬೇರೆ ವಿಷಯ. ಆ ಅಮ್ಮ ಓದಿಸಿಕೊಂಡು, ಸಹಿ ಹಾಕಲ್ಲ ಅಂದರು. ಕೇಸು ಇನ್ನೂ ನಡೆಯುತ್ತಿದೆ.

ಜೈಲಿಗೂ ಆಗಾಗ ಹೋಗುತ್ತೇನೆ. ಅಲ್ಲಿ ಕೆಲವರಿಗೆ ಬೇಲ್ ಆಗಿಯೇ ಇರುತ್ತದೆ, ಪಹಣಿ ಹಿಡಿದು ಬಂದು ನಿಲ್ಲುವ ಜಾಮೀನುದಾರ ಇಲ್ಲ ಅಷ್ಟೆ. ಬೇಲ್ ಆಗಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಷರತ್ತು ಸಡಿಲಿಸಲು ಕೋರ್ಟು ಯೋಚಿಸಬಹುದು. ಮನೆಯವರು ಫೋನ್ ಮಾಡಿದಾಗ ನಾನು ಕೇಳುವುದು ಯಾವ ಠಾಣೆ, ಕ್ರೈಂ ನಂಬರ್ ಎಷ್ಟು, ಬೇಲ್ ಆದೇಶ ಯಾವತ್ತಿನದು. ರಾತ್ರಿ ಹೊತ್ತು ಎತ್ತಿಕೊಂಡು ಹೋಗಿದ್ದಾರೆ, ಏನೂ ತಿಳಿಯುತ್ತಿಲ್ಲ ಅನ್ನುವವರಿಗೆ 15100 ನಂಬರ್ ಕೊಡುತ್ತೇನೆ. ಕಾನೂನು ಸೇವೆಯ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ. ಬಂಧನದಲ್ಲಿರುವವರು ಯಾವ ಜಾತಿ, ಎಷ್ಟು ಆದಾಯ ಅಂತ ಅಲ್ಲಿ ಯಾರೂ ಕೇಳುವ ಹಾಗಿಲ್ಲ.