ಪೋಸ್ಟ್‌ಗ್ರೆಸ್ ಸರ್ವರ್‌ನಲ್ಲಿ ಡಿಸ್ಕ್ ಓದು ನಿಧಾನ: ನನಗೆ ಸರಿಹೋದ ದಾರಿ

ಕ್ಲೌಡ್‌ನಲ್ಲಿರುವ ಲಿನಕ್ಸ್ ಸರ್ವರ್, ಎಲ್‌ವಿಎಂ (ಡಿಸ್ಕ್ ಮೇಲೆ ಲಾಜಿಕಲ್ ವಾಲ್ಯೂಮ್ ಎಂಬ ಪದರ ಕಟ್ಟುವ ವ್ಯವಸ್ಥೆ) ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ದೊಡ್ಡ ಟೇಬಲ್ ಪೂರ್ತಿ ಸ್ಕ್ಯಾನ್ ಆಗುವಾಗ, ರಾತ್ರಿ ಪಿಜಿ_ಡಂಪ್ (ಬ್ಯಾಕಪ್) ಓಡುವಾಗ, ಓದುವ ವೇಗ ಸೆಕೆಂಡಿಗೆ 60 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅದೇ ಡಿಸ್ಕನ್ನು ಡಿಡಿ ಕಮಾಂಡ್‌ನಲ್ಲಿ 1 ಎಂಬಿ ಬ್ಲಾಕ್, ಡೈರೆಕ್ಟ್ ಫ್ಲ್ಯಾಗ್ (ಕ್ಯಾಶ್ ಬಿಟ್ಟು ನೇರ ಡಿಸ್ಕ್‌ನಿಂದ) ಕೊಟ್ಟು ಓದಿದರೆ 240 ಬರುತ್ತಿತ್ತು. ಅಂದರೆ ಡಿಸ್ಕ್ ಕೆಟ್ಟಿಲ್ಲ ಅಲ್ವಾ?

ಶೇರ್ಡ್_ಬಫರ್ಸ್ (ಪೋಸ್ಟ್‌ಗ್ರೆಸ್‌ನ ಸ್ವಂತ ಕ್ಯಾಶ್) ದುಪ್ಪಟ್ಟು ಮಾಡಿದೆ, ವ್ಯಾಕ್ಯೂಮ್ (ಟೇಬಲ್‌ನ ಹಳೆಯ ಸಾಲುಗಳ ಸ್ವಚ್ಛತೆ) ಓಡಿಸಿದೆ, ಐಒ ಶೆಡ್ಯೂಲರ್ (ಡಿಸ್ಕ್ ಕೋರಿಕೆಗಳ ಸರದಿ ನಿರ್ಧರಿಸುವುದು) ಬದಲಿಸಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಒಮ್ಮೆ ಸರಿಹೋಯಿತು ಅಂದುಕೊಂಡೆ, ನೋಡಿದರೆ ಅದು ಸುಮ್ನೆ ಪೇಜ್ ಕ್ಯಾಶ್, ಅಂದರೆ ಮೊದಲೇ ಓದಿ ಮೆಮೊರಿಯಲ್ಲಿ ಉಳಿದಿದ್ದ ಡೇಟಾ. ಆಮೇಲೆ ಪ್ರತಿ ಟೆಸ್ಟ್‌ಗೂ ಮೊದಲು ಅದನ್ನು ಖಾಲಿ ಮಾಡಲು ಡ್ರಾಪ್_ಕ್ಯಾಶಸ್‌ಗೆ 3 ಬರೆಯುತ್ತಿದ್ದೆ.

ಸುಳಿವು ಸಿಕ್ಕಿದ್ದು ಡಿಸ್ಕ್ ಚಟುವಟಿಕೆ ತೋರಿಸುವ 'ಐಒಸ್ಟ್ಯಾಟ್ -ಎಕ್ಸ್ 1'ರಲ್ಲಿ. ಒಂದೊಂದು ಓದೂ 128 ಕೆಬಿ, ಕಾಯುವ ಸಮಯ 2 ಮಿಲಿಸೆಕೆಂಡ್, ಸಾಲಿನಲ್ಲಿ ಒಂದೇ ಒಂದು ಕೋರಿಕೆ. ಸೆಕೆಂಡಿಗೆ 500 ಓದು, ತಲಾ 128 ಕೆಬಿ: ಲೆಕ್ಕ ಸರಿಯಾಗಿ 60ರ ಹತ್ತಿರ ಕೂತಿತು. ಆ 128 ಕೆಬಿ ಲಿನಕ್ಸ್‌ನ ಡಿಫಾಲ್ಟ್ ರೀಡ್‌ಅಹೆಡ್, ಅಂದರೆ ಕೇಳುವ ಮೊದಲೇ ಮುಂದಕ್ಕೆ ಓದಿಡುವ ಪ್ರಮಾಣ.

ಅದನ್ನು ಹೆಚ್ಚಿಸಲು 'ಬ್ಲಾಕ್‌ಡೆವ್ --ಸೆಟ್‌ರಾ 4096' ಕೊಟ್ಟೆ. ಈ ಸಂಖ್ಯೆ 512 ಬೈಟ್ ಸೆಕ್ಟರ್‌ಗಳಲ್ಲಿ, ಅಂದರೆ 2 ಎಂಬಿ. ಆದರೂ ವೇಗ ಅಷ್ಟೇ! ಅರ್ಧ ದಿನ ಹೋಗಿದ್ದು ಇಲ್ಲೇ. ನಾನು ಬದಲಿಸಿದ್ದು ಕೆಳಗಿನ ಡಿಸ್ಕನ್ನು. ಫೈಲ್‌ಸಿಸ್ಟಮ್ ಮೌಂಟ್ ಆಗಿದ್ದು ಡಿಎಂ-0, ಅಂದರೆ ಎಲ್‌ವಿಎಂನ ಲಾಜಿಕಲ್ ವಾಲ್ಯೂಮ್ ಮೇಲೆ. ಅದಕ್ಕೆ ಅದರದ್ದೇ ರೀಡ್‌ಅಹೆಡ್ ಇರುತ್ತದೆ. ಅಲ್ಲಿ ಹಾಕಿದ ತಕ್ಷಣ ಸ್ಕ್ಯಾನ್ 220 ದಾಟಿತು.

ರೀಬೂಟ್ ಆದರೆ ಇದು ಅಳಿಸಿಹೋಗುತ್ತದೆ. ಉಳಿಯಬೇಕಾದರೆ ಆ ಲಾಜಿಕಲ್ ವಾಲ್ಯೂಮ್‌ಗೆ 'ಎಲ್‌ವಿಚೇಂಜ್ -ಆರ್ 4096' ಕೊಡಿ. ಇಂಡೆಕ್ಸ್ ಮೂಲಕ ಹೋಗುವ ಚಿಕ್ಕ ಕ್ವೆರಿಗಳಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.