ಗೋಡೆಯಲ್ಲಿ ಅಡಗಿದ ತೂಕದ ಗುಂಡು

ಲಂಡನ್ನಿನ ಬ್ಲೂಮ್ಸ್‌ಬರಿಯಲ್ಲಿ 1780ರ ದಶಕದ ಇಟ್ಟಿಗೆ ಮನೆಯದು. ಅಗಲ ಮೂರೇ ಕಿಟಕಿಗಳಷ್ಟು. ಮೊದಲ ಮಹಡಿಯಲ್ಲೊಂದು ಸ್ಯಾಶ್ ಕಿಟಕಿ, ಅಂದರೆ ಎರಡು ಗಾಜಿನ ಪಡಿಗಳು ಮೇಲೆ ಕೆಳಗೆ ಜಾರುವ ಕಿಟಕಿ. ಅದರ ಕೆಳಪಡಿ ಎತ್ತಿದರೆ ನಿಲ್ಲದೆ ಧಡ್ಡನೆ ಬೀಳುತ್ತದೆ ಎಂದು ಮನೆಯವರು ಕರೆದರು. ಹಳೆಯ ಮರಗೆಲಸದ ದುರಸ್ತಿಯೇ ನನ್ನ ವೃತ್ತಿ. ಇಡೀ ಕಿಟಕಿಯನ್ನೇ ಬದಲಿಸಿ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಕೇಳಿಯೇ ಸಂಕಟವಾಯಿತು.

ಬೀದಿಯಿಂದ ನೋಡಿದರೆ ಈ ಕಿಟಕಿಗೆ ಚೌಕಟ್ಟೇ ಇಲ್ಲವೇನೋ ಎನಿಸುತ್ತದೆ. ಬೆಂಕಿಯ ಭಯ ತಂದುಕೊಟ್ಟ ಅಂದ ಅದು. ಮರದ ಚೌಕಟ್ಟು ಗೋಡೆಯ ಮುಖದಿಂದ ನಾಲ್ಕು ಅಂಗುಲ ಒಳಗಿರಬೇಕೆಂದು 1709ರ ಕಾಯ್ದೆ ವಿಧಿಸಿತು. 1774ರ ಕಾಯ್ದೆ ಅದನ್ನು ಇಟ್ಟಿಗೆಯ ಹಿಂದೆಯೇ ಅಡಗಿಸಿತು. ಹಾಗೆ ಅಡಗಿದ ಚೌಕಟ್ಟಿನ ಟೊಳ್ಳು ಪೆಟ್ಟಿಗೆಯಲ್ಲಿ ಕಿಟಕಿಯ ಜೀವವಿದೆ: ಪಡಿಯ ಎರಡೂ ಬದಿಗೆ ಹತ್ತಿಯ ಹಗ್ಗ, ಮೇಲೆ ರಾಟೆ, ಒಳಗೆ ತೂಗುವ ಎರಕದ ಕಬ್ಬಿಣದ ಗುಂಡು. ನಮ್ಮ ಏತಕ್ಕೆ ಹಿಂದೆ ಭಾರ ಕಟ್ಟುವ ಲೆಕ್ಕವೇ.

ಒಳಬದಿಯ ಪಟ್ಟಿಯನ್ನು ತೆಳು ಉಳಿಯಿಂದ ಎಬ್ಬಿಸಿ ಕೆಳಪಡಿಯನ್ನು ಬಿಡಿಸಿದೆ. ಗುಂಡು ತೆಗೆಯಲೆಂದೇ ಪೆಟ್ಟಿಗೆಯ ಬುಡದಲ್ಲಿ ಅಂಗೈ ಅಗಲದ ಮರದ ತುಂಡೊಂದನ್ನು ಕತ್ತರಿಸಿ ಕೂರಿಸಿರುತ್ತಾರೆ. ಪದರಪದರ ಬಣ್ಣದಡಿ ಅದರ ಗೆರೆಯೇ ಕಾಣುತ್ತಿರಲಿಲ್ಲ. ಬೆರಳಾಡಿಸಿ ಹುಡುಕಿ ತೆರೆದೆ. ಹಗ್ಗಗಳು ಸವೆದಿದ್ದವು, ಆದರೆ ತುಂಡಾಗಿರಲಿಲ್ಲ. ಹಾಗಾದರೆ ಪಡಿ ಬೀಳುವುದೇಕೆ?

ತೂಗಿ ನೋಡಿದೆ. ಎರಡೂ ಗುಂಡು ಸೇರಿ ಸುಮಾರು 9 ಕಿಲೋ, ಪಡಿ 13 ಕಿಲೋ! ಹಿಂದೆಂದೋ ಕೆಳಪಡಿಯ ಆರೂ ಗಾಜುಗಳನ್ನು ತೆಗೆದು 4 ಮಿಲಿಮೀಟರ್ ದಪ್ಪದವನ್ನು ಹಾಕಿದ್ದರು. ಗುಂಡು ಮಾತ್ರ ಹಳೆಯವು. ಮೇಲ್ಪಡಿಯಲ್ಲಿ ಊದಿ ತಿರುಗಿಸಿ ಮಾಡಿದ ಮೂಲ ಗಾಜು ಇನ್ನೂ ಇತ್ತು. ಓರೆಯಾಗಿ ನೋಡಿದರೆ ಕೊಳದ ನೀರಿನಂತೆ ನಸು ಅಲೆ. ಅದರ ಪಕ್ಕದಲ್ಲಿ ಕೆಳಗಿನ ಚಪ್ಪಟೆ ಗಾಜು ಜೀವವಿಲ್ಲದಂತೆ ಕಾಣುತ್ತಿತ್ತು. ಗುಂಡಿನ ಭಾರ ಹೆಚ್ಚಿಸಿದ್ದರೆ ಕೆಲಸ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಆದರೆ ತೆಳು ಅಡ್ಡಪಟ್ಟಿಗಳು ಆ ದಪ್ಪ ಗಾಜನ್ನು ಹೊರಲು ಮಾಡಿದವಲ್ಲ. ಮರದ ಒಂದೆರಡು ಜೋಡಣೆಗಳು ಆಗಲೇ ಬಾಯಿಬಿಟ್ಟಿದ್ದವು. ಮನೆಯವರನ್ನು ಒಪ್ಪಿಸಿ, ಊದಿ ಮಾಡಿದ ತೆಳು ಗಾಜನ್ನು ತರಿಸಿದೆ.

ಕೊಳೆತದ್ದು ಕೆಳಪಟ್ಟಿಯ ಒಂದು ಮೂಲೆಯಷ್ಟೇ. ಅಷ್ಟನ್ನು ಕತ್ತರಿಸಿ ಹೊಸ ಮರ ಬೆಸೆದೆ. ಗಾಜಿಗೆ ಅಗಸೆ ಎಣ್ಣೆಯ ಪುಟ್ಟಿ.

ಹೊಸ ಹಗ್ಗ ಪೋಣಿಸುವುದಕ್ಕೆ ಇಲ್ಲಿಯ ಬಡಗಿಗಳಲ್ಲಿ ಚೆಂದದ ಉಪಾಯವಿದೆ. ದಾರದ ತುದಿಗೆ ಬಾಗಿದ ಸೀಸದ ತುಣುಕು ಕಟ್ಟಿ ರಾಟೆಯ ಮೇಲಿಂದ ಬಿಡುತ್ತಾರೆ. ಅದಕ್ಕೆ 'ಇಲಿ' ಎಂದು ಹೆಸರು. ಇಲಿ ಕತ್ತಲೆಯಲ್ಲಿ ಟಕಟಕ ಬಡಿಯುತ್ತ ಇಳಿದು ಬುಡದ ಕಿಂಡಿಯಲ್ಲಿ ಕೈಗೆ ಸಿಗುತ್ತದೆ, ಅದರ ಹಿಂದೆಯೇ ಹಗ್ಗ. ಕೆಳಪಡಿಯ ಗುಂಡು ಪಡಿಗಿಂತ ತುಸು ಹಗುರವಿರಬೇಕು, ಮೇಲ್ಪಡಿಯದು ತುಸು ಭಾರ. ಆಗ ಎರಡೂ ಮುಚ್ಚಿಯೇ ನಿಲ್ಲುತ್ತವೆ.

ಮನೆಯವರು ಪಡಿಯನ್ನು ಎರಡು ಬೆರಳಿನಲ್ಲಿ ಎತ್ತಿ ಅರ್ಧದಲ್ಲಿ ಕೈಬಿಟ್ಟರು. ಅದು ಅಲ್ಲೇ ನಿಂತಿತು. ಪುಟ್ಟಿ ಗಟ್ಟಿಯಾದ ಮೇಲೆ ಬಣ್ಣ ಬಳಿಯಲು ಮತ್ತೆ ಹೋಗಬೇಕು.