ಸೂಜಿಯ ನಂತರದ ಎರಡು ಕರೆಗಳು: ಫ್ಲೂ ಲಸಿಕೆಯಲ್ಲಿ ನನ್ನ ಅನುಭವ

ಒಮ್ಮೆ ಫ್ಲೂ ಲಸಿಕೆ ಪಡೆದ ಬೀಡಿ ಕಾರ್ಮಿಕ ಮಹಿಳೆಯರು ಮರುವರ್ಷ ತಾವಾಗಿಯೇ ಬಂದು ತೋಳು ಒಡ್ಡುತ್ತಾರೆ ಎಂದು ನಾನು ಹೇಳಿದಾಗ ನಮ್ಮ ವಿಭಾಗದ ಹಿರಿಯರು ನಂಬಿರಲಿಲ್ಲ. ಉಡುಪಿ ಮತ್ತು ಮಂಗಳೂರಿನ ನಡುವಿನ ನಮ್ಮ ಬೀಡಿ ಬ್ರಾಂಚುಗಳಲ್ಲಿ (ಕಟ್ಟಿದ ಬೀಡಿ ಒಪ್ಪಿಸುವ ಕೇಂದ್ರಗಳಲ್ಲಿ) ಈ ಸಲ ಹತ್ತರಲ್ಲಿ ಆರಕ್ಕೂ ಹೆಚ್ಚು ಮಂದಿ ಮರಳಿ ಬಂದರು. ಮೊದಲ ತಂಡದಲ್ಲಿ ಹಾಗೆ ಬಂದವರು ಹತ್ತಕ್ಕೆ ಇಬ್ಬರೂ ಇರಲಿಲ್ಲ. ಹಿಂಜರಿಕೆ ನಿಜವಾಗಿ ಬಲಿಯುವುದು ಸೂಜಿ ಹಾಕಿದ ಮೇಲೆ ಎಂದು ನನಗೆ ಅನ್ನಿಸಿತ್ತು. ಆದ್ದರಿಂದ ದುಡ್ಡನ್ನೂ ಜನರನ್ನೂ ಸೂಜಿಯ ನಂತರದ ಫೋನ್ ಕರೆಗಳ ಕಡೆಗೆ ತಿರುಗಿಸಿದೆ.

ಅದಕ್ಕೂ ಹಿಂದೆ ಹಣವೆಲ್ಲ ಹೋಗುತ್ತಿದ್ದದ್ದು ಪ್ರಚಾರಕ್ಕೆ. ಸಭಾಭವನದ ಬಾಡಿಗೆ, ಫ್ಲೆಕ್ಸು, ತಜ್ಞರ ಉಪನ್ಯಾಸ, ಚಹಾ ತಿಂಡಿ ಎಂದು ಸುಮಾರು 80,000 ರೂಪಾಯಿ ಕರಗಿತು. ಸಭೆಯಲ್ಲಿ ತಲೆಯಾಡಿಸಿದವರು ಶಿಬಿರದ ದಿನ ಕಾಣಿಸಲಿಲ್ಲ. ಪೂರ್ತಿ ಉಚಿತವೆಂದು ಸಾರಿದ ಕಡೆ ಇನ್ನಷ್ಟು ಕೆಟ್ಟಿತು. ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲದ, ಖಾಸಗಿಯಾಗಿ ಹಾಕಿಸಿಕೊಂಡರೆ ಒಂದೂವರೆ ಎರಡು ಸಾವಿರ ಬೀಳುವ ಲಸಿಕೆಯನ್ನು ಪುಕ್ಕಟೆ ಕೊಡುತ್ತಾರೆಂದರೆ ನಮ್ಮ ಮೇಲೇ ಪ್ರಯೋಗ ನಡೆಸುತ್ತಿದ್ದಾರೆ ಎಂಬ ಮಾತು ಹಬ್ಬಿತು. 100 ರೂಪಾಯಿ ಶುಲ್ಕ ಇಟ್ಟ ಮೇಲೆ ಆ ಮಾತು ಬಹುಮಟ್ಟಿಗೆ ನಿಂತಿತು. ಕೊಡಲಾಗದವರನ್ನು ಕೇಳಬಾರದೆಂಬ ಷರತ್ತಿನ ಮೇಲೆ ನೈತಿಕ ಸಮಿತಿ ಅದಕ್ಕೆ ಒಪ್ಪಿತು.

ಕರಾವಳಿಯ ತೊಡಕೇ ಬೇರೆ. ಇಲ್ಲಿ ಫ್ಲೂ ಏರುವುದು ಮಳೆಗಾಲದಲ್ಲಾದ್ದರಿಂದ ದಕ್ಷಿಣ ಗೋಳಾರ್ಧದ ಸೂತ್ರದ (ಅಲ್ಲಿನ ಫ್ಲೂ ಹಂಗಾಮಿಗೆಂದು ಆರಿಸಿದ ವೈರಸ್ ತಳಿಗಳ) ಲಸಿಕೆಯನ್ನು ಮೇ ತಿಂಗಳೊಳಗೆ ಹಾಕಿ ಮುಗಿಸಬೇಕು, ಏಕೆಂದರೆ ರಕ್ಷಣೆ ಮೂಡಲು ಎರಡು ವಾರ ಹಿಡಿಯುತ್ತದೆ. ಆದರೆ ಅದೇ ಮಳೆಯ ಜೊತೆಗೆ ಡೆಂಗಿ, ಮಲೇರಿಯಾ, ಇಲಿಜ್ವರಗಳೂ ಬರುತ್ತವೆ. ಮೇ ತಿಂಗಳಲ್ಲಿ ಸೂಜಿ ಹಾಕಿಸಿಕೊಂಡವಳು ಆಟಿಯಲ್ಲಿ (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ಜ್ವರದಿಂದ ಮಲಗಿದರೆ ಅದು ಯಾವ ಜ್ವರವೆಂದು ಯಾರೂ ವಿಚಾರಿಸುವುದಿಲ್ಲ. ಲಸಿಕೆ ಸುಳ್ಳು ಎಂಬ ಸುದ್ದಿ ಮಾತ್ರ ಬೀಡಿ ಕೊಡಲು ಬಂದವರೆಲ್ಲರಿಗೂ ತಲುಪುತ್ತದೆ. ಸೂಜಿಯ ಮರುದಿನದ ತೋಳುನೋವು, ಮೈಬಿಸಿಯೂ ಹಾಗೆಯೇ. ಇದು ನಿರ್ಜೀವ ವೈರಸ್ಸಿನ ಲಸಿಕೆ, ಇದರಿಂದ ಫ್ಲೂ ಬರಲಾರದು ಎಂದು ವೇದಿಕೆಯಿಂದ ಹೇಳಿದ ಮಾತು ಆ ರಾತ್ರಿ ಯಾರ ನೆನಪಿಗೂ ಬರುವುದಿಲ್ಲ.

ಹೀಗಾಗಿ ಪ್ರತಿಯೊಬ್ಬರಿಗೂ ಎರಡು ಕರೆಗಳನ್ನು ಗೊತ್ತುಮಾಡಿದೆವು: ಒಂದು ಮರುದಿನ, ಇನ್ನೊಂದು ಆಟಿಯಲ್ಲಿ. ಸೂಜಿ ಹಾಕಿದ ಸಿಸ್ಟರ್ ತಾವೇ, ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡುತ್ತಾರೆ. ತೊಂದರೆ ಕೇಳಲು ಹೋದರೆ ಇಲ್ಲದ ತೊಂದರೆಯನ್ನು ನಾವೇ ಹುಟ್ಟಿಸುತ್ತೇವೆ ಎಂದು ಸಹೋದ್ಯೋಗಿಗಳು ವಾದಿಸಿದರು. ನಡೆದದ್ದು ಬೇರೆ. "ಅಕ್ಕ, ನಿನ್ನೆ ಮೈ ಬಿಸಿಯಿತ್ತು, ನೀವು ಹೇಳಿದ ಹಾಗೇ ಆಯಿತು, ಈಗ ಬೀಡಿ ಕಟ್ಟುತ್ತಾ ಇದ್ದೇನೆ" ಎಂಬಂಥ ಉತ್ತರಗಳೇ ಹೆಚ್ಚು ಬಂದವು. ಆಟಿಯ ಕರೆಯಲ್ಲಿ ಜ್ವರವಿದೆ ಎಂದವರನ್ನು ಡೆಂಗಿ, ಮಲೇರಿಯಾ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತೇವೆ. ಲಸಿಕೆಯ ತಳಿ ಹರಡುತ್ತಿರುವ ವೈರಸ್ಸಿಗೆ ಚೆನ್ನಾಗಿ ಹೊಂದಿದ ವರ್ಷದಲ್ಲೂ ವೈದ್ಯರ ಬಳಿ ಹೋಗಬೇಕಾಗುವ ಫ್ಲೂ ಶೇ. 40ರಿಂದ 60ರಷ್ಟು ಮಾತ್ರ ತಗ್ಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಕರೆಯ ಮೊದಲ ಪ್ರಶ್ನೆ ಯಾವುದು, ಯಾರಿಗೆ ಮೊದಲು ಕರೆ ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೊಂದಿಗೆ ಒಂದು ಹಂಗಾಮು ಕೆಲಸ ಮಾಡಿದವರಿಗಷ್ಟೇ ಅದನ್ನು ಕಲಿಸುತ್ತೇವೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಧ್ವನಿಮುದ್ರಿತ ಕರೆ ಅಗ್ಗವಾಗಿತ್ತು, ಆದರೆ ಎರಡನೆಯ ವಾಕ್ಯಕ್ಕೇ ಜನ ಫೋನ್ ಇಡುತ್ತಿದ್ದರು. ವೈದ್ಯರು ಕರೆ ಮಾಡಿದರೆ ಎಲ್ಲದಕ್ಕೂ "ಸರಿ ಡಾಕ್ಟ್ರೇ" ಎನ್ನುತ್ತಿದ್ದರು, ನೋವಿನ ಮಾತು ಹೊರಬೀಳುತ್ತಿರಲಿಲ್ಲ. ಸಂಜೆ ಧಾರಾವಾಹಿಯ ಹೊತ್ತಿಗೆ ಯಾರೂ ಎತ್ತುವುದಿಲ್ಲವಾದ್ದರಿಂದ ಮಧ್ಯಾಹ್ನದ ಊಟದ ನಂತರದ ಹೊತ್ತು ಗಟ್ಟಿಯಾಯಿತು. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿದಿದ್ದೇವೆ, ಸೂಜಿ ಯಾಕೆ ಎಂದವರೊಡನೆ ನಾವು ಎಂದೂ ವಾದಕ್ಕೆ ಇಳಿಯಲಿಲ್ಲ. ಕಷಾಯವೂ ಇರಲಿ, ಸೂಜಿಯೂ ಇರಲಿ ಎಂದಾಗ ಅವರಲ್ಲಿ ಹಲವರು ಬಂದರು.

ದೊಡ್ಡ ನಷ್ಟವಾದದ್ದು ಶೀತ ಸರಪಳಿಯಲ್ಲಿ, ಅಂದರೆ ಲಸಿಕೆಯನ್ನು ತಂಪಾಗಿಟ್ಟು ಸಾಗಿಸುವ ವ್ಯವಸ್ಥೆಯಲ್ಲಿ. ಪೂರೈಕೆದಾರರೊಬ್ಬರು ಗಟ್ಟಿ ಐಸ್ ಪ್ಯಾಕುಗಳನ್ನು ಲಸಿಕೆಗೆ ತಾಗಿಸಿಯೇ ಪೆಟ್ಟಿಗೆ ಕಳುಹಿಸಿದ್ದರು. ಫ್ಲೂ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಇದರಲ್ಲಿ ಅಲ್ಯೂಮಿನಿಯಂ ಲವಣ ಇಲ್ಲದ ಕಾರಣ ಮಕ್ಕಳ ಡಿಪಿಟಿ ಲಸಿಕೆಗೆ ಮಾಡುವಂತೆ ಕುಲುಕಿ ನೋಡಿ ಹೆಪ್ಪುಗಟ್ಟಿತ್ತೇ ಎಂದು ತೀರ್ಮಾನಿಸಲು ಬರುವುದಿಲ್ಲ. ಹೆಪ್ಪುಗಟ್ಟಿರುವ ಅನುಮಾನ ಬಂದರೆ ಎಸೆಯಲೇಬೇಕು. ಸುಮಾರು 40,000 ರೂಪಾಯಿ ಹೋಯಿತು. ಈಗ ಪೆಟ್ಟಿಗೆಯನ್ನು ನಮ್ಮವರೇ ಹೋಗಿ ತರುತ್ತಾರೆ, ಐಸ್ ಪ್ಯಾಕಿನೊಳಗೆ ನೀರು ಅಲುಗುವ ಸದ್ದು ಕೇಳುವವರೆಗೆ ಅದನ್ನು ಒಳಗಿಡುವುದಿಲ್ಲ.

ಇದರ ಮುಂದೆ ಕರೆಗಳ ಖರ್ಚು ಏನೂ ಅಲ್ಲ: ಸಿಸ್ಟರುಗಳ ಗೌರವಧನ ಸೇರಿಸಿದರೂ ತಲೆಗೆ 25–30 ರೂಪಾಯಿ. ಮುಂದಿನ ಗುರಿ ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧಕ್ಕೆ ಬೋಟುಗಳು ಮೇ ಕೊನೆಗೆ ದಡ ಸೇರುತ್ತವೆ, ಹೊರ ರಾಜ್ಯಗಳ ಕಾರ್ಮಿಕರು ಊರಿಗೆ ಹೊರಡುವ ಮೊದಲು ಕೆಲವೇ ದಿನ ಕೈಗೆ ಸಿಗುತ್ತಾರೆ. ಅವರ ಭಾಷೆ ಬಲ್ಲ ಸಿಸ್ಟರುಗಳನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ.